ಜೆರೋಮನ ಪತ್ರಗಳೂ ಮಾರ್ಸೆಲ್ಲಳ ಪ್ರಶ್ನೆಗಳೂ

ಲ್ಯಾಟಿನ್ ಭಾಷೆಯಲ್ಲಿ ಪತ್ರವು ಬಹು ಹಿಂದಿನಿಂದಲೂ ಒಂದು ಸಾಹಿತ್ಯಪ್ರಕಾರವಾಗಿ ಬೆಳೆದುಬಂದುದು. ಸಿಸಿರೋ, ಸೆನೆಕ, ಕಿರಿಯ ಪ್ಲಿನಿ ಇವರ ಪತ್ರಗಳನ್ನು ಓದಿ ಬೆಳೆದ ವಿದ್ಯಾವಂತನಿಗೆ, ಪತ್ರವೆಂದರೆ ಒಬ್ಬನ ಹೆಸರಿಗೆ ಬರೆದು ಹಲವರ ಕೈಗೆ ಹೋಗತಕ್ಕ ಬರಹವೆಂಬ ಭಾವನೆ ಸಹಜವಾಗಿದ್ದಿತು. ಕ್ರಿಸ್ತಶಕ ನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ಕ್ರೈಸ್ತ ವಿದ್ವಾಂಸರು ಈ ಪ್ರಕಾರವನ್ನು ಕೈಗೊಂಡು ಶಾಸ್ತ್ರಾರ್ಥ, ಉಪದೇಶ, ಚರಿತ್ರೆ, ಜಗಳ ಇವೆಲ್ಲವನ್ನೂ ಅದರೊಳಗೆ ತುಂಬಿದರು. ಇವರಲ್ಲಿ ಪಾಂಡಿತ್ಯಕ್ಕೂ ಮುಂಗೋಪಕ್ಕೂ ಸಮನಾಗಿ ಹೆಸರಾದವನು ಜೆರೋಮ್. ಬೈಬಲ್ಲಿನ ಲ್ಯಾಟಿನ್ ಅನುವಾದದಿಂದ ಅವನ ಕೀರ್ತಿ ಸ್ಥಿರವಾಯಿತಾದರೂ, ಅವನ ಬರವಣಿಗೆಯ ಜೀವಕಳೆಯನ್ನು ಅರಿಯಬೇಕೆನ್ನುವವರು ಇಂದಿಗೂ ಅವನ ಪತ್ರಗಳನ್ನೇ ಹಿಡಿಯುತ್ತಾರೆ. ವಿಯೆನ್ನದ ಲ್ಯಾಟಿನ್ ಗ್ರಂಥಮಾಲೆಯಲ್ಲಿ ಇಸಿಡೋರ್ ಹಿಲ್‌ಬರ್ಗನು 1910ರಿಂದ 1918ರವರೆಗೆ ಮೂರು ಸಂಪುಟಗಳಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಸಂಕಲನದಲ್ಲಿ 154 ಪತ್ರಗಳಿವೆ. ಅವೆಲ್ಲವೂ ಜೆರೋಮನವಲ್ಲ, ಅವನಿಗೆ ಇತರರು ಬರೆದವೂ, ಇತರರ ಪತ್ರಗಳಿಗೆ ಅವನು ಮಾಡಿದ ಅನುವಾದಗಳೂ ಅವುಗಳಲ್ಲಿ ಸೇರಿವೆ.

ಈ ಸಂಪುಟಗಳನ್ನು ಓದುವ ವಾಡಿಕೆಯ ರೀತಿ ಒಂದುಂಟು. ಇವುಗಳಲ್ಲಿ ಜೆರೋಮನ ಆತ್ಮಚಿತ್ರವಿದೆಯೆಂದು ಭಾವಿಸಿ, ಅವನ ಕೋಪ, ಅವನ ಹಾಸ್ಯ, ಅವನ ಸ್ನೇಹ, ಅವನ ದ್ವೇಷ ಎಲ್ಲವನ್ನೂ ಅವನ ಸ್ವಭಾವಕ್ಕೆ ಕಟ್ಟಿ ವಿವರಿಸುವುದು. ಇದು ಪೂರ್ತಿ ತಪ್ಪೆನ್ನಲಾಗದು. ಆದರೆ ಪತ್ರವೆಂಬುದು ಇಬ್ಬರ ನಡುವಣ ಮಾತು. ಒಬ್ಬನ ಮಾತು ಮಾತ್ರ ಉಳಿದು ಇನ್ನೊಬ್ಬರದು ಅಳಿದುಹೋದಾಗ, ಉಳಿದುದನ್ನು ಸ್ವಗತವೆಂದು ಓದುವ ಅಪಾಯವಿದೆ. ಜೆರೋಮನ ವಿಷಯದಲ್ಲಿ ಈ ಅಪಾಯ ಸಾಮಾನ್ಯವಾದುದಲ್ಲ. ಅವನ ಪತ್ರಗಳನ್ನು ಬರೆಯಿಸಿದವರಲ್ಲಿ ಮುಖ್ಯರಾದವರು ಸ್ತ್ರೀಯರು. ಅವರು ಸ್ವಂತವಾಗಿ ಬರೆದುದೆಂದು ನಿಶ್ಚಯದಿಂದ ಹೇಳಬಹುದಾದ ಒಂದು ಪತ್ರವೂ ಈ 154ರಲ್ಲಿ ಇಲ್ಲ.

ಜೆರೋಮನ ಚರಿತ್ರೆಯಲ್ಲಿ ಇಲ್ಲಿಗೆ ಬೇಕಾದುದು ಸ್ವಲ್ಪ. ಅವನು ಸುಮಾರು 347ರಲ್ಲಿ ಡಾಲ್ಮೇಷಿಯ ಮತ್ತು ಪನ್ನೋನಿಯ ಪ್ರಾಂತಗಳ ಗಡಿಯಲ್ಲಿದ್ದ ಸ್ಟ್ರಿಡೋನ್ ಎಂಬ ಊರಿನಲ್ಲಿ ಹುಟ್ಟಿದನು. ರೋಮಿನಲ್ಲಿ ಪ್ರಸಿದ್ಧ ವೈಯಾಕರಣನಾದ ಡೊನಾಟಸನ ಶಿಷ್ಯನಾಗಿದ್ದನು. ಸಿರಿಯದ ಕಾಲ್ಕಿಸ್ ಮರುಭೂಮಿಯಲ್ಲಿ ಕೆಲವು ಕಾಲ ವ್ರತಸ್ಥನಾಗಿದ್ದು, ಯೆಹೂದ್ಯಮತದಿಂದ ಕ್ರೈಸ್ತಮತಕ್ಕೆ ಬಂದ ಒಬ್ಬನಿಂದ ಹೀಬ್ರೂ ಭಾಷೆಯನ್ನು ಕಷ್ಟಪಟ್ಟು ಕಲಿತನು. ಅಂತಿಯೋಕ್ಯದಲ್ಲಿ ಪೌಲಿನಸನಿಂದ ಪಾದ್ರಿಯ ದೀಕ್ಷೆಯನ್ನು ಪಡೆದಾಗ, ತನ್ನ ಸಂನ್ಯಾಸಕ್ಕೆ ಅದರಿಂದ ಭಂಗ ಬರಬಾರದೆಂಬ ಕರಾರನ್ನು ಮಾಡಿಕೊಂಡನು. ಆದುದರಿಂದ ಅವನು ಹೆಸರಿಗೆ ಪಾದ್ರಿಯಾದರೂ ಅವನ ಮೇಲ್ವಿಚಾರಣೆಗೆ ಒಂದು ಸಭೆಯೆಂಬುದಿರಲಿಲ್ಲ. 382ರಲ್ಲಿ ರೋಮಿಗೆ ಬಂದು ಪೋಪ್ ಡಮಾಸಸನ ವಿಶ್ವಾಸವನ್ನು ಗಳಿಸಿದನು. 385ರಲ್ಲಿ ಅಪವಾದಕ್ಕೆ ಗುರಿಯಾಗಿ ಆ ನಗರವನ್ನು ಬಿಟ್ಟನು. 386ರಿಂದ ಸುಮಾರು 420ರಲ್ಲಿ ಸಾಯುವವರೆಗೆ ಬೇತ್ಲೆಹೇಮಿನಲ್ಲಿಯೇ ನೆಲಸಿದನು. ರೋಮಿನ ಆ ಮೂರು ವರ್ಷಗಳಲ್ಲಿ ಅವನಿಗೆ ದೊರೆತ ಮಂಡಲಿಯೇ ಮುಂದಿನ ಮೂವತ್ತೈದು ವರ್ಷಗಳ ಪತ್ರವ್ಯವಹಾರಕ್ಕೆ ಮೂಲಧನವಾಯಿತು. ಅವೆಂಟೈನ್ ಗುಡ್ಡದ ಮೇಲಿನ ತನ್ನ ಮನೆಯಲ್ಲಿ ವ್ರತಸ್ಥಳಾಗಿದ್ದ ವಿಧವೆ ಮಾರ್ಸೆಲ್ಲಾ, ಕುಲೀನ ವಿಧವೆಯಾದ ಪೌಲಾ, ಆಕೆಯ ಮಕ್ಕಳಾದ ಬ್ಲೆಸಿಲ್ಲಾ ಮತ್ತು ಯೂಸ್ಟೋಕಿಯಮ್, ವೃದ್ಧ ಕನ್ಯೆ ಅಸೆಲ್ಲಾ, ಪೌಲಳ ಇನ್ನೊಬ್ಬ ಮಗಳ ಗಂಡನಾದ ಸೆನೆಟರ್ ಪಮ್ಮಾಕಿಯಸ್—ಇವರು ಆ ಮಂಡಲಿಯಲ್ಲಿ ಮುಖ್ಯರು.

ಉಳಿದ ಪತ್ರಗಳು ಹೇಗೆ ಉಳಿದವೆಂಬುದಕ್ಕೆ ಜೆರೋಮನೇ ಒಂದು ಸುಳಿವನ್ನು ಕೊಟ್ಟಿರುವನು. ಸುಮಾರು 393ರಲ್ಲಿ ಅವನು ಕ್ರೈಸ್ತ ಗ್ರಂಥಕರ್ತರ ಚರಿತ್ರೆಯೊಂದನ್ನು ಬರೆದು, ಅದರ ಕೊನೆಯ ಅಧ್ಯಾಯದಲ್ಲಿ ತನ್ನ ಕೃತಿಗಳನ್ನೂ ಪಟ್ಟಿಮಾಡಿದನು. ಅದರಲ್ಲಿ ಹಲವರಿಗೆ ಬರೆದ ಪತ್ರಗಳ ಒಂದು ಸಂಪುಟವೂ ಮಾರ್ಸೆಲ್ಲಳಿಗೆ ಬರೆದ ಪತ್ರಗಳ ಒಂದು ಸಂಪುಟವೂ ಹೆಸರಿಸಲ್ಪಟ್ಟಿವೆ. ಪೌಲಾ ಮತ್ತು ಯೂಸ್ಟೋಕಿಯಮರಿಗೆ ಬರೆದ ಪತ್ರಗಳಾದರೋ ದಿನದಿನವೂ ಬರೆಯಲ್ಪಡುವುದರಿಂದ ಅವುಗಳ ಸಂಖ್ಯೆಯನ್ನು ಹೇಳಲಾಗದೆಂದು ಅವನು ತಿಳಿಸುತ್ತಾನೆ. ಈ ಮಾತು ವಿಚಾರಾರ್ಹವಾದುದು. ದಿನದಿನವೂ ಬರೆದವುಗಳಲ್ಲಿ ಇಂದಿಗೆ ಉಳಿದಿರುವವು ಬೆರಳೆಣಿಕೆಯಷ್ಟು. ಸಂಪುಟವಾಗಿ ಕಟ್ಟಿ ಪ್ರಕಟಿಸಿದವು ಬಹುಮಟ್ಟಿಗೆ ಉಳಿದಿವೆ. ಆದ್ದರಿಂದ ಇಂದು ಓದುವ ಜೆರೋಮನು ಮನೆಯೊಳಗೆ ಚೀಟಿ ಬರೆದು ಕಳುಹುತ್ತಿದ್ದ ಜೆರೋಮನಲ್ಲ, ತನ್ನನ್ನು ಹೀಗೆಯೇ ಓದಬೇಕೆಂದು ಆರಿಸಿಕೊಟ್ಟ ಜೆರೋಮನು. ಇತ್ತೀಚೆಗೆ ಆಂಡ್ರೂ ಕೇನ್ ಎಂಬ ವಿದ್ವಾಂಸನು 2009ರ ತನ್ನ ಗ್ರಂಥದಲ್ಲಿ ಈ ಅಂಶವನ್ನು ವಿಸ್ತಾರವಾಗಿ ಪ್ರತಿಪಾದಿಸಿ, ಪತ್ರಸಂಪುಟಗಳು ಜೆರೋಮನ ಶಾಸ್ತ್ರಾಧಿಕಾರವನ್ನು ಕಟ್ಟಿ ನಿಲ್ಲಿಸುವ ಸಾಧನಗಳಾಗಿದ್ದವೆಂದು ತೋರಿಸಿರುವನು. ಅವನ ವಾದವು ಬಹುಮಟ್ಟಿಗೆ ಸಾಧುವೇ. ಆದರೆ ಅಧಿಕಾರವನ್ನು ಕಟ್ಟುವವನ ಕಡೆಗೇ ದೃಷ್ಟಿಯೆಲ್ಲ ಹರಿದರೆ, ಅವನನ್ನು ಬರೆಯುವಂತೆ ಮಾಡಿದವರು ಎರಡನೆಯ ಸಲ ಮರೆಯಾಗುತ್ತಾರೆ.

ಡಮಾಸಸನ ಪತ್ರಗಳ ಗತಿಯನ್ನು ಇದರೊಡನೆ ಹೋಲಿಸಬಹುದು. ಹೊಸನ್ನ ಎಂಬ ಶಬ್ದದ ಅರ್ಥವೇನೆಂದು ಪೋಪನು ಕೇಳಿದ ಚಿಕ್ಕ ಓಲೆಯೂ, ಆದಿಕಾಂಡದಲ್ಲಿ ಐದು ಸಂದೇಹಗಳನ್ನು ಎತ್ತಿ ಬರೆದ ಇನ್ನೊಂದು ಓಲೆಯೂ ಸಂಕಲನದಲ್ಲಿ ಉತ್ತರಗಳ ಪಕ್ಕದಲ್ಲಿಯೇ ಉಳಿದಿವೆ. ಪೋಪನು ತನ್ನನ್ನು ಕೇಳಿದನೆಂಬುದು ಪಾದ್ರಿಯೊಬ್ಬನಿಗೆ ಹೆಮ್ಮೆಯ ವಿಷಯವಾದುದರಿಂದ ಪ್ರಶ್ನೆಯನ್ನೂ ಜೋಪಾನಮಾಡಿದನು. ಇವರಿಬ್ಬರ ಮೊದಲ ಪತ್ರವಿನಿಮಯವು ನಿಜವೋ ಕಲ್ಪಿತವೋ ಎಂದು ಫ್ರಾನ್ಸಿನ ಪಿಯೆರ್ ನೋತ್ಯಾಂ ಎಂಬ ಪಂಡಿತನು 1983ರಲ್ಲಿ ಶಂಕಿಸಿದುದೂ ಉಂಟು. ಆ ಶಂಕೆಯನ್ನು ಎಲ್ಲರೂ ಒಪ್ಪಿಲ್ಲ; ಒಪ್ಪುವುದಾದರೆ, ಕೇಳುವವನು ದೊಡ್ಡವನಾಗಿದ್ದಾಗ ಪ್ರಶ್ನೆಯನ್ನು ಸೃಷ್ಟಿಸುವುದಕ್ಕೂ ಜೆರೋಮನು ಹಿಂದೆಗೆಯಲಿಲ್ಲವೆಂದಾಗುತ್ತದೆ. ಮಾರ್ಸೆಲ್ಲಳ ನಿಜವಾದ ಪ್ರಶ್ನೆಗಳಿಗೆ ಮಾತ್ರ ಆ ಭಾಗ್ಯವಿಲ್ಲದೆ ಹೋಯಿತು.

ಆ ಪ್ರಶ್ನೆಗಳು ಎಂಥವಾಗಿದ್ದವು? ರೋಮಿನ ಕಾಲದಲ್ಲಿ ಮಾರ್ಸೆಲ್ಲಳಿಗೆ ಬರೆದ ಹದಿನಾರು ಪತ್ರಗಳು ಉಳಿದಿವೆ. ಹೀಬ್ರೂವಿನಲ್ಲಿ ದೇವರ ಹತ್ತು ನಾಮಗಳಾವುವು? ಆಮೆನ್, ಅಲ್ಲೆಲೂಯ, ಮಾರನಾಥ ಎಂಬ ಶಬ್ದಗಳನ್ನು ಅನುವಾದಕರು ಏಕೆ ಹಾಗೆಯೇ ಉಳಿಸಿಕೊಂಡರು? ಕೀರ್ತನೆಗಳ ನಡುನಡುವೆ ಬರುವ ಸೆಲಾ ಎಂಬುದರ ಅಭಿಪ್ರಾಯವೇನು? ಏಫೋದ್ ಎಂದರೇನು, ತೆರಾಫೀಮ್ ಎಂದರೇನು? ಉತ್ತರಗಳಿಂದ ಹಿಂದಕ್ಕೆ ಹೋಗಿ ಪ್ರಶ್ನೆಗಳನ್ನು ಹೀಗೆ ಊಹಿಸಿಕೊಳ್ಳಬೇಕಾಗಿದೆ. ಭಾರತೀಯ ದರ್ಶನಗ್ರಂಥಗಳನ್ನು ಓದಿದವರಿಗೆ ಇಂಥ ಸ್ಥಿತಿ ಹೊಸದಲ್ಲ; ಚಾರ್ವಾಕರ ವಾದವನ್ನು ಬಹುಮಟ್ಟಿಗೆ ಅವರ ಪ್ರತಿಪಕ್ಷಿಗಳ ಗ್ರಂಥಗಳಿಂದಲೇ ಹೆಕ್ಕಿ ತೆಗೆಯಬೇಕು. ಆದರೆ ಅಲ್ಲಿ ಪೂರ್ವಪಕ್ಷವನ್ನು ಖಂಡಿಸುವ ಸಲುವಾಗಿಯೇ ಎತ್ತಿಕೊಂಡಿರುತ್ತಾರೆ. ಇಲ್ಲಿ ಪ್ರಶ್ನೆ ಕೇಳಿದವಳು ಪ್ರತಿಪಕ್ಷಿಯಲ್ಲ, ಜೊತೆಯ ವಿದ್ಯಾರ್ಥಿನಿ. ಕೆಲವು ವೇಳೆ ಪರೀಕ್ಷಕಿ. ಈ ಪ್ರಶ್ನೆಗಳ ಸ್ವರೂಪವನ್ನು ಗಮನಿಸಿದರೆ, ಕೇಳಿದವಳಿಗೆ ಉಪದೇಶ ಬೇಕಾಗಿರಲಿಲ್ಲವೆಂಬುದು ಸ್ಪಷ್ಟ. ಅನುವಾದದಲ್ಲಿ ಎಲ್ಲಿ ಅರ್ಥವು ತೊಡಕಿಕೊಳ್ಳುವುದೋ, ಮೂಲವನ್ನು ತೆರೆಯದೆ ಎಲ್ಲಿ ಮುಂದಕ್ಕೆ ಹೋಗಲಾಗದೋ, ಅಂಥ ಸ್ಥಳಗಳನ್ನೇ ಆರಿಸಿ ಅವಳು ಬೆರಳಿಟ್ಟಿರುವಳು. ಗ್ರೀಕ್ ಮತ್ತು ಲ್ಯಾಟಿನ್ ಅನುವಾದಗಳನ್ನು ಬಿಟ್ಟು ಹೀಬ್ರೂ ಮೂಲಕ್ಕೆ ಹೋಗಬೇಕೆಂಬ ಜೆರೋಮನ ಸಂಕಲ್ಪ ಬೇತ್ಲೆಹೇಮಿನಲ್ಲಿ ಫಲಿಸಿತಷ್ಟೆ. ಅದು ಬಲಗೊಂಡ ಕಾಲವೂ ಈ ಪ್ರಶ್ನೆಗಳು ಬಂದ ಕಾಲವೂ ಒಂದೇ ಎಂಬುದು ಆಕಸ್ಮಿಕವಾಗಿರಲಾರದು.

ಈ ಪತ್ರಗಳ ಶೈಲಿಯಲ್ಲಿಯೂ ಮಾರ್ಸೆಲ್ಲಳ ಕೈವಾಡವುಂಟು. ಏಫೋದಿನ ವಿಷಯವಾಗಿ ಬರೆದ ಪತ್ರವನ್ನು ಜೆರೋಮನು ಒಂದು ದೂರಿನೊಡನೆ ಆರಂಭಿಸುತ್ತಾನೆ. ಪತ್ರವೆಂದರೆ ಮನೆಯ ಸಮಾಚಾರವನ್ನೋ ದಿನದ ಮಾತನ್ನೋ ಬರೆದು ದೂರವಿದ್ದವರನ್ನು ಹತ್ತಿರಕ್ಕೆ ತರತಕ್ಕುದು. ಮಾರ್ಸೆಲ್ಲಳಾದರೋ ತನ್ನನ್ನು ಪೀಡಿಸಿ ಶಾಸ್ತ್ರವನ್ನು ತೆರೆಯಿಸುವಂಥದನ್ನು ಬಿಟ್ಟು ಬೇರೇನನ್ನೂ ಬರೆಯುವುದಿಲ್ಲ ಎಂದು ಅವನ ಆಕ್ಷೇಪಣೆ. ಇದು ಸ್ನೇಹದ ಸಲಿಗೆಯಿಂದ ಬಂದ ದೂರು. ಆದರೂ ಇದರಲ್ಲಿ ಒಂದು ಸಾಹಿತ್ಯಪ್ರಕಾರದ ಜನನವನ್ನು ಕಾಣಬಹುದು. ಕುಶಲಪ್ರಶ್ನೆಯ ಓಲೆ ವ್ಯಾಖ್ಯಾನದ ಓಲೆಯಾದುದು ಇಲ್ಲಿ, ಹಾಗೆ ಮಾಡಿದವಳು ಓಲೆಯನ್ನು ಪಡೆದವಳು. ಇನ್ನೊಂದು ಪತ್ರ ಇದಕ್ಕಿಂತಲೂ ಸ್ವಾರಸ್ಯವಾದುದು. ಸುವಾರ್ತೆಗಳ ಲ್ಯಾಟಿನ್ ಪಾಠವನ್ನು ಅವನು ತಿದ್ದಿದುದಕ್ಕಾಗಿ ರೋಮಿನ ಕೆಲವರು ಗೊಣಗುತ್ತಿದ್ದರು. ಅವರನ್ನು ಎರಡು ಕಾಲಿನ ಕತ್ತೆಗಳೆಂದು ಬೈದು, ಕೂಡಲೇ ಅವನು ಮಾರ್ಸೆಲ್ಲಳ ಮುಖವನ್ನು ನೆನೆದುಕೊಳ್ಳುತ್ತಾನೆ: ಇದನ್ನು ಓದುತ್ತ ಅವಳು ಹುಬ್ಬುಗಂಟಿಕ್ಕುವಳು, ಇವನ ನಾಲಗೆ ಮತ್ತೆ ಜಗಳಕ್ಕೆ ಬೀಜ ಬಿತ್ತುತ್ತಿದೆಯೆಂದು ಅಂಜುವಳು, ಸಾಧ್ಯವಾದರೆ ಬೆರಳಿಟ್ಟು ಬಾಯನ್ನು ಮುಚ್ಚುವಳು ಎಂದು ಅವನು ಊಹಿಸುತ್ತಾನೆ. ಜೆರೋಮನ ಕಟುವಾಕ್ಯಗಳನ್ನು ಸಂಗ್ರಹಿಸುವವರು ಕತ್ತೆಗಳನ್ನು ಮರೆಯುವುದಿಲ್ಲ, ಹುಬ್ಬುಗಂಟನ್ನು ಮರೆಯುತ್ತಾರೆ. ಬೈಗುಳನ್ನು ತಡೆಯಬಲ್ಲವಳೊಬ್ಬಳು ಎದುರಿಗಿದ್ದಾಳೆಂಬ ಅರಿವಿನಿಂದಲೇ ಬೈಗುಳಿಗೆ ವಿನೋದದ ಲೇಪ ಬಂದಿದೆ. ಅಂಥ ಎದುರಾಳಿಯಿಲ್ಲದೆ ಬರೆದ ವಾದಗ್ರಂಥಗಳಲ್ಲಿ, ವಿಶೇಷವಾಗಿ ರುಫೀನಸನ ಮೇಲೂ ವಿಗಿಲಾಂಶಿಯಸನ ಮೇಲೂ ಬರೆದವುಗಳಲ್ಲಿ, ಅದೇ ಕಟುತ್ವವು ಕೇವಲ ಕಹಿಯಾಗಿ ಉಳಿಯುತ್ತದೆ.

ಗಲಾತ್ಯರ ಪತ್ರಿಕೆಯ ವ್ಯಾಖ್ಯಾನಕ್ಕೆ ಬರೆದ ಪೀಠಿಕೆಯಲ್ಲಿ ಜೆರೋಮನು ಮಾರ್ಸೆಲ್ಲಳನ್ನು ಕುರಿತು ಹೇಳಿರುವ ಮಾತು ಅವನ ಪ್ರಾಮಾಣಿಕತೆಗೆ ಸಾಕ್ಷಿಯಾಗಿದೆ. ಪೈಥಾಗೊರಸನ ಶಿಷ್ಯರಂತೆ ಗುರು ಹೇಳಿದನೆಂಬ ಮಾತ್ರಕ್ಕೆ ಅವಳು ಒಪ್ಪುತ್ತಿರಲಿಲ್ಲ. ಎಲ್ಲವನ್ನೂ ತೂಗಿ ನೋಡುತ್ತಿದ್ದಳು. ತನ್ನೆದುರಿಗಿರುವವಳು ಶಿಷ್ಯೆಯಲ್ಲ, ನ್ಯಾಯಾಧೀಶೆಯೆಂಬಂತೆ ತನಗೆ ತೋರುತ್ತಿದ್ದಿತೆಂದು ಅವನು ಒಪ್ಪಿಕೊಳ್ಳುತ್ತಾನೆ.

ಈ ಮಂಡಲಿಯಲ್ಲಿ ಯಾರ ಮಾತು ಯಾರ ಬಾಯಿಂದ ಬಂದಿತೆಂದು ಬಿಡಿಸಿ ಹೇಳುವುದು ಎಷ್ಟು ಕಷ್ಟವೆಂಬುದಕ್ಕೆ ಎರಡು ನಿದರ್ಶನಗಳಿವೆ. ಸಂಕಲನದ ನಲವತ್ತಾರನೆಯ ಪತ್ರ ಪೌಲಾ ಮತ್ತು ಯೂಸ್ಟೋಕಿಯಮರು ಮಾರ್ಸೆಲ್ಲಳನ್ನು ಬೇತ್ಲೆಹೇಮಿಗೆ ಬರಮಾಡಿಕೊಳ್ಳಲು ಬರೆದುದೆಂದು ಹೆಸರಾಗಿದೆ. ಹೆಸರಿಗೆ ಅದು ಸ್ತ್ರೀಯರ ಪತ್ರ. ಅದರ ಉಕ್ತಿವಿಶೇಷ, ಶಾಸ್ತ್ರೋದಾಹರಣೆಗಳ ಜೋಡಣೆ ಮೊದಲಾದುವನ್ನು ನೋಡಿ ಬಹುಮಂದಿ ವಿದ್ವಾಂಸರು ಅದು ಜೆರೋಮನ ರಚನೆಯೇ ಎಂದು ತೀರ್ಮಾನಿಸಿದ್ದಾರೆ. ಇದಕ್ಕೆ ವಿಪರ್ಯಯವಾದ ನಿದರ್ಶನವು ನೂರಿಪ್ಪತ್ತೇಳನೆಯ ಪತ್ರದಲ್ಲಿದೆ. ಜೆರೋಮನು ರೋಮನ್ನು ಬಿಟ್ಟ ಮೇಲೆ ಅಲ್ಲಿ ಶಾಸ್ತ್ರವಾಕ್ಯದ ವಿಷಯವಾಗಿ ವಿವಾದ ಬಂದಾಗ ಜನರು ಮಾರ್ಸೆಲ್ಲಳ ಬಳಿಗೆ ತೀರ್ಪಿಗೆ ಹೋಗುತ್ತಿದ್ದರಂತೆ. ಪಾದ್ರಿಗಳು ಕೂಡ ಹೋಗುತ್ತಿದ್ದರು. ಅವಳು ಉತ್ತರ ಹೇಳುತ್ತಿದ್ದಳು. ಆದರೆ ತನ್ನ ಸ್ವಂತದ ಅಭಿಪ್ರಾಯವನ್ನೂ ಇದು ಜೆರೋಮನದು ಅಥವಾ ಇನ್ನಾರದೋ ಎಂದು ಹೇಳಿ, ಕಲಿಸುವಾಗಲೂ ತಾನು ಕಲಿತವಳೆಂಬಂತೆಯೇ ನಡೆದುಕೊಳ್ಳುತ್ತಿದ್ದಳು. ಸ್ತ್ರೀಯು ಬೋಧಿಸಬಾರದೆಂಬ ಅಪೊಸ್ತಲ ಪೌಲನ ನಿಯಮವನ್ನು ಅವಳು ಬಲ್ಲಳು. ಪುರುಷರ ಮಾನಕ್ಕೆ ಕುಂದು ಬಾರದಂತೆ ನೋಡಿಕೊಳ್ಳಬೇಕಾಗಿದ್ದಿತು. ಒಂದು ಕಡೆ ಸ್ತ್ರೀಯರ ಹೆಸರಿನಲ್ಲಿ ಪುರುಷನ ಬರಹ, ಇನ್ನೊಂದು ಕಡೆ ಪುರುಷನ ಹೆಸರಿನಲ್ಲಿ ಸ್ತ್ರೀಯ ವಿಚಾರ. ಮೊದಲನೆಯದು ಪುಸ್ತಕದಲ್ಲಿ ಉಳಿಯಿತು. ಎರಡನೆಯದು ಮಾತಿನೊಡನೆ ಹೋಯಿತು. ಜೆರೋಮನದೆಂದು ರೋಮಿನಲ್ಲಿ ಹರಡಿದ ವ್ಯಾಖ್ಯಾನಗಳಲ್ಲಿ ಎಷ್ಟು ಪಾಲು ಅವಳದೆಂಬುದನ್ನು ಅವನೇ ಅರಿತಿರಲಾರನು.

ಇಷ್ಟರಿಂದ, ಅಳಿದ ಪತ್ರಗಳು ಉಳಿದಿದ್ದರೆ ಜೆರೋಮನನ್ನು ಓದುವ ರೀತಿ ಬದಲಾಗುತ್ತಿದ್ದಿತೆಂದು ಸಿದ್ಧವಾಯಿತೆ? ಅದು ಬರಿಯ ಊಹೆಯೆಂದು ಆಕ್ಷೇಪಿಸಬಹುದು. ಅದೃಷ್ಟವಶದಿಂದ ಆ ಊಹೆಯನ್ನು ಒರೆಗೆ ಹಚ್ಚುವುದಕ್ಕೆ ಒಂದು ಪ್ರಸಂಗವಿದೆ: ಉತ್ತರ ಆಫ್ರಿಕದ ಹಿಪ್ಪೋ ನಗರದ ಅಗಸ್ಟೀನನೊಡನೆ ನಡೆದ ವ್ಯವಹಾರದಲ್ಲಿ ಎರಡು ಕಡೆಯ ಪತ್ರಗಳೂ ಉಳಿದಿವೆ.

ಆ ಕಾಲದಲ್ಲಿ ಸರಕಾರದ ಅಂಚೆಯು ಖಾಸಗಿ ಪತ್ರಗಳಿಗೆ ಒದಗುತ್ತಿರಲಿಲ್ಲ. ಲೇಖಕನು ಹೇಳಿದುದನ್ನು ಶೀಘ್ರಲಿಪಿಕಾರನು ಬರೆದುಕೊಳ್ಳುವನು. ಪ್ರತಿ ಸಿದ್ಧವಾದ ಮೇಲೆ ಆ ಕಡೆಗೆ ಹೋಗುವ ಡೀಕನನನ್ನೋ ಯಾತ್ರಿಕನನ್ನೋ ಕಾಯಬೇಕು. ಚಳಿಗಾಲದಲ್ಲಿ ಸಮುದ್ರಯಾನ ಬಹುಮಟ್ಟಿಗೆ ನಿಂತಿರುತ್ತಿದ್ದಿತು. ದಾರಿಯಲ್ಲಿ ಪತ್ರವು ಯಾರ ಕೈಗಾದರೂ ಸಿಕ್ಕಿದರೆ ಅವರು ಓದಿ ಪ್ರತಿಮಾಡಿಕೊಳ್ಳುವುದು ಸಾಮಾನ್ಯ. ಅಗಸ್ಟೀನನು 394 ಅಥವಾ 395ರಲ್ಲಿ ತನ್ನ ಮೊದಲ ಪತ್ರವನ್ನು ಪ್ರೊಫುಟುರಸ್ ಎಂಬವನ ಕೈಗೆ ಕೊಟ್ಟನು. ಪ್ರೊಫುಟುರಸನು ಹೊರಡುವುದಕ್ಕೆ ಮೊದಲೇ ಬಿಷಪನಾಗಿ ನಿಯಮಿತನಾಗಿ, ಸ್ವಲ್ಪಕಾಲದಲ್ಲಿಯೇ ತೀರಿಕೊಂಡನು. ಕೆಲವು ವರ್ಷಗಳ ಮೇಲೆ ಬರೆದ ಇನ್ನೊಂದು ಪತ್ರವನ್ನು ಹೊತ್ತವನು ಸಮುದ್ರಕ್ಕೆ ಅಂಜಿ ಪ್ರಯಾಣವನ್ನೇ ಬಿಟ್ಟನು. ಆ ಪತ್ರ ಮಾತ್ರ ಸುಮ್ಮನಿರಲಿಲ್ಲ. ಇಟಲಿಯಲ್ಲಿ ಕೈಯಿಂದ ಕೈಗೆ ಹರಿದಾಡಿತು. ಸಿಸಿನ್ನಿಯಸ್ ಎಂಬ ಡೀಕನನು ಏಡ್ರಿಯಾಟಿಕ್ ಸಮುದ್ರದ ಒಂದು ದ್ವೀಪದಲ್ಲಿ, ಅಗಸ್ಟೀನನ ಇತರ ಬರಹಗಳ ನಡುವೆ ಅದರ ಪ್ರತಿಯನ್ನು ಕಂಡನು. ಅಗಸ್ಟೀನನು ಜೆರೋಮನ ಮೇಲೆ ಪುಸ್ತಕ ಬರೆದು ರೋಮಿಗೆ ಕಳುಹಿರುವನೆಂಬ ಸುದ್ದಿ ಹಬ್ಬಿತು. ಯಾರಿಗೆ ಬರೆದುದೋ ಅವನೊಬ್ಬನನ್ನು ಬಿಟ್ಟು ಊರೆಲ್ಲ ಓದಿಯಾಗಿತ್ತು.

ಪತ್ರದ ವಿಷಯ ಲಘುವಾದುದಲ್ಲ. ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಎಲ್ಲರೆದುರಿಗೆ ಗದರಿಸಿದನೆಂದು ಗಲಾತ್ಯರ ಪತ್ರಿಕೆಯಲ್ಲಿದೆ. ಜೆರೋಮನು ಆರಿಜನನನ್ನು ಅನುಸರಿಸಿ, ಅದು ನಿಜವಾದ ವಿರೋಧವಲ್ಲ, ಸಭೆಯ ಹಿತಕ್ಕಾಗಿ ಇಬ್ಬರೂ ತಿಳಿದು ಆಡಿದ ಆಟವೆಂದು ವ್ಯಾಖ್ಯಾನ ಮಾಡಿದ್ದನು. ಶಾಸ್ತ್ರದಲ್ಲಿ ಉಪಯುಕ್ತವಾದ ಒಂದು ಸುಳ್ಳನ್ನು ಒಪ್ಪಿದರೂ ಇಡೀ ಶಾಸ್ತ್ರದ ಪ್ರಾಮಾಣ್ಯ ಕುಸಿಯುವುದೆಂದು ಅಗಸ್ಟೀನನ ಆಕ್ಷೇಪಣೆ. ಜೆರೋಮನು ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದೂ ಅವನು ಬರೆದನು. 403ರ ಸುಮಾರಿನ ಇನ್ನೊಂದು ಪತ್ರದಲ್ಲಿ ಅಗಸ್ಟೀನನು ಆಫ್ರಿಕದ ಓಯೆ ಎಂಬ ಊರಿನಲ್ಲಿ ನಡೆದ ಒಂದು ಗಲಭೆಯ ಸಮಾಚಾರವನ್ನು ತಿಳಿಸುತ್ತಾನೆ. ಅಲ್ಲಿಯ ಬಿಷಪನು ಪೂಜೆಯಲ್ಲಿ ಜೆರೋಮನ ಹೊಸ ಅನುವಾದವನ್ನು ಓದಿಸಿದನು; ಪ್ರವಾದಿಯಾದ ಯೋನನಿಗೆ ನೆರಳು ಕೊಟ್ಟ ಗಿಡದ ಪ್ರಸ್ತಾಪ ಬಂದಾಗ, ತಲೆತಲಾಂತರದಿಂದ ಕೇಳಿದ ಸೋರೆಬಳ್ಳಿಗೆ ಬದಲಾಗಿ ಐವಿ ಎಂಬ ಬೇರೊಂದು ಬಳ್ಳಿಯ ಹೆಸರು ಕಿವಿಗೆ ಬಿದ್ದು ಜನರು ರೇಗಿದರು; ಸಭೆಯಿಲ್ಲದ ಬಿಷಪನಾಗುವ ಭಯದಿಂದ ಅವನು ಹಳೆಯ ಪಾಠಕ್ಕೆ ಮರಳಬೇಕಾಯಿತು.

ಜೆರೋಮನು 404ರಲ್ಲಿ, ಎಂದರೆ ಮೊದಲ ಪತ್ರ ಹೊರಟ ಸುಮಾರು ಹತ್ತು ವರ್ಷಗಳ ಮೇಲೆ, ವಿವರವಾದ ಉತ್ತರವನ್ನು ಬರೆದನು. ಆ ಉತ್ತರವೊಂದೇ ಉಳಿದಿದ್ದರೆ ಓದುಗನ ತೀರ್ಪು ಹೇಗಿರುತ್ತಿದ್ದಿತು? ಮುಪ್ಪಿನ ಪಂಡಿತನೊಬ್ಬನು ತನಗಿಂತ ಕಿರಿಯನಾದ ಬಿಷಪನ ಸಂದೇಹವೊಂದಕ್ಕೆ ಸಹನೆಗೆಟ್ಟು, ಆರಿಜನ್, ದಿದಿಮಸ್, ಕ್ರಿಸೊಸ್ಟಮ್ ಮೊದಲಾದ ಹೆಸರುಗಳ ರಾಶಿಯನ್ನು ಅವನ ತಲೆಯ ಮೇಲೆ ಸುರಿದನೆಂದು ತೋರುತ್ತಿದ್ದಿತು. ಇದಕ್ಕೆ ಮುಂಚೆ ಬರೆದ ಒಂದು ಚಿಕ್ಕ ಪತ್ರದಲ್ಲಿ, ದಣಿದ ಎತ್ತು ಹೆಜ್ಜೆಯನ್ನು ಹೆಚ್ಚು ಗಟ್ಟಿಯಾಗಿ ಊರುವುದೆಂಬರ್ಥದ ಗಾದೆಯನ್ನು ನೆನಪಿಸಿ ಅವನು ಅಗಸ್ಟೀನನನ್ನು ಎಚ್ಚರಿಸಿದ್ದುದೂ ಕೇವಲ ಗರ್ವವೆನಿಸುತ್ತಿದ್ದಿತು. ಎರಡು ಕಡೆಯವನ್ನೂ ಓದಿದಾಗ ಚಿತ್ರ ಬೇರೆಯಾಗುತ್ತದೆ. ತನ್ನ ಕೈಗೆ ಬಾರದ ಪತ್ರದಿಂದ ತನ್ನ ಹೆಸರು ಊರೂರಿನಲ್ಲಿ ವಿಚಾರಣೆಗೊಳಗಾದುದು ಅವನ ಕೋಪಕ್ಕೆ ಕಾರಣ. ಆ ಕೋಪದಲ್ಲಿ ನ್ಯಾಯವಿದೆ. ಗಿಡದ ವಿಷಯದಲ್ಲಿ ಅವನ ಸಮಾಧಾನವು ಒಳ್ಳೆಯ ಭಾಷಾಶಾಸ್ತ್ರಜ್ಞನಿಗೆ ತಕ್ಕುದಾಗಿದೆ: ಹೀಬ್ರೂ ಶಬ್ದವು ಸೋರೆಯನ್ನೂ ಹೇಳುವುದಿಲ್ಲ, ಐವಿಯನ್ನೂ ಹೇಳುವುದಿಲ್ಲ, ಅದು ಆಸರೆಯಿಲ್ಲದೆ ತನ್ನ ಕಾಂಡದ ಮೇಲೆಯೇ ನಿಲ್ಲುವ, ಅಗಲವಾದ ಎಲೆಯ ಗಿಡ, ಲ್ಯಾಟಿನ್ನಿನಲ್ಲಿ ಅದಕ್ಕೆ ಹೆಸರಿಲ್ಲದುದರಿಂದ ಹಿಂದಿನ ಅನುವಾದಕರ ದಾರಿಯನ್ನು ಹಿಡಿದುದಾಯಿತು ಎಂದು. ಅವನ ವರ್ಣನೆಯನ್ನು ಓದಿದವರು ಅದು ಹರಳುಗಿಡವೆಂದು ಗುರುತಿಸಿದ್ದಾರೆ. ಮುಖ್ಯಪ್ರಶ್ನೆಯಲ್ಲಾದರೋ ತೀರ್ಪು ಅವನ ಪರವಾಗಿಲ್ಲ. ಶಾಸ್ತ್ರದಲ್ಲಿ ಸುಳ್ಳಿಗೆ ಎಡೆಯುಂಟೆ ಎಂದು ಅಗಸ್ಟೀನನು ಕೇಳಿದುದಕ್ಕೆ ಅವನು ನೇರವಾಗಿ ಉತ್ತರ ಕೊಡಲಿಲ್ಲ. ದೊಡ್ಡವರ ಜೊತೆಯಲ್ಲಿ ತಪ್ಪುವುದೇ ಮೇಲೆಂಬ ಧಾಟಿಯಲ್ಲಿ ಪಕ್ಕಕ್ಕೆ ಸರಿದನು. ಎದುರಿನ ಪತ್ರವು ಅವನನ್ನು ಒಂದು ಕಡೆ ದೋಷಮುಕ್ತನನ್ನಾಗಿ ಮಾಡಿ, ಇನ್ನೊಂದು ಕಡೆ ಹಿಡಿದುಕೊಡುತ್ತದೆ. 405ರಲ್ಲಿ ಅಗಸ್ಟೀನನು ಬರೆದ ದೀರ್ಘವಾದ ಮರುತ್ತರದಲ್ಲಿ, ಪದವಿಯಿಂದ ಬಿಷಪನು ಪಾದ್ರಿಗಿಂತ ದೊಡ್ಡವನಾದರೂ ಹಲವು ವಿಷಯಗಳಲ್ಲಿ ಅಗಸ್ಟೀನನು ಜೆರೋಮನಿಗಿಂತ ಕಿರಿಯನೆಂದು ವಿನಯದಿಂದ ಒಪ್ಪಿಕೊಂಡು, ತತ್ತ್ವದಲ್ಲಿ ಒಂದು ಕೂದಲೆಳೆಯಷ್ಟೂ ಬಿಡಲಿಲ್ಲ. ಜೆರೋಮನು ಕಡೆಗೆ ಈ ಮತವನ್ನೇ ಹಿಡಿದನೆಂದು ಅಗಸ್ಟೀನನು ಮುಂದೊಮ್ಮೆ ಬರೆದಿರುವನು. ಒಂದು ಕಡೆಯ ಪತ್ರಗಳಿಂದ ಇಷ್ಟು ಸೂಕ್ಷ್ಮವಾದ ತೀರ್ಪು ಎಂದಿಗೂ ಸಾಧ್ಯವಾಗುತ್ತಿರಲಿಲ್ಲ.

ಮಂಡಲಿಯವರು ಪತ್ರಗಳನ್ನು ಹರಡಿದಂತೆ ತಡೆದುದೂ ಉಂಟು. ರುಫೀನಸನು ಜೆರೋಮನ ಯೌವನದ ಪ್ರಾಣಸ್ನೇಹಿತ. 393ರಿಂದ ಆರಿಜನನ ಮತದ ವಿಷಯವಾಗಿ ಇಬ್ಬರಿಗೂ ವೈಮನಸ್ಯ ಬಂದಿತು. 399ರಲ್ಲಿ ಜೆರೋಮನು ಅವನಿಗೆ ಸಾಕಷ್ಟು ಸಮಾಧಾನದ ಪತ್ರವೊಂದನ್ನು ರೋಮಿನ ಮಿತ್ರರ ಮೂಲಕ ಕಳುಹಿದನು. ಪಮ್ಮಾಕಿಯಸನೂ ಅವನ ಕಡೆಯವರೂ ಅದನ್ನು ಮುಂದಕ್ಕೆ ಕಳುಹದೆ, ಅದೇ ಸಮಯದಲ್ಲಿ ತಮಗೆ ಬಂದ ಬಿರುಸಾದ ಪತ್ರವನ್ನು ಮಾತ್ರ ಹರಡಿದರೆಂದು ವಿದ್ವಾಂಸರು ತಿಳಿದುಕೊಂಡಿದ್ದಾರೆ. ಮುಂದೆ ನಡೆದ ಅಸಹ್ಯವಾದ ವಾಗ್ಯುದ್ಧಕ್ಕೆ ಜೆರೋಮನ ಸ್ವಭಾವವನ್ನೇ ದೂರುವವರು ಈ ತಲಪದ ಓಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅನುವಾದದ ಧರ್ಮವನ್ನು ಕುರಿತು ಅವನು ಪಮ್ಮಾಕಿಯಸನಿಗೆ ಬರೆದ ಸುಪ್ರಸಿದ್ಧ ಪತ್ರವೂ, ಒಬ್ಬ ಸ್ನೇಹಿತನಿಗಾಗಿ ಖಾಸಗಿಯಾಗಿ ಮಾಡಿಕೊಟ್ಟ ಅನುವಾದವೊಂದು ಕಳವಾಗಿ ಶತ್ರುಗಳ ಕೈಸೇರಿದುದರ ಫಲ. ಶಾಸ್ತ್ರಗ್ರಂಥವನ್ನು ಬಿಟ್ಟು ಉಳಿದೆಡೆಯಲ್ಲಿ ಪದಕ್ಕೆ ಪದವಲ್ಲ, ಭಾವಕ್ಕೆ ಭಾವವನ್ನು ಕೊಡಬೇಕೆಂದು ಅಲ್ಲಿ ಅವನು ಮಂಡಿಸಿದ ಮತವನ್ನು ಇಂದಿಗೂ ಅನುವಾದಕರು ಉದಾಹರಿಸುತ್ತಾರೆ. ಅದು ಆಪಾದಿತನೊಬ್ಬನ ಹೇಳಿಕೆಯೆಂಬುದನ್ನು ನೆನೆಯುವವರು ಕಡಿಮೆ.

ಶೋಕದ ಪತ್ರಗಳಲ್ಲಿ ಜೆರೋಮನ ಗುಣವೂ ದೋಷವೂ ಎದ್ದು ಕಾಣುತ್ತವೆ. 384ರ ಕೊನೆಯ ವೇಳೆಗೆ ಬ್ಲೆಸಿಲ್ಲಾ ಇಪ್ಪತ್ತು ವಯಸ್ಸಿನಲ್ಲಿ ತೀರಿಕೊಂಡಳು. ಶವಯಾತ್ರೆಯಲ್ಲಿ ಪೌಲಾ ಮೂರ್ಛೆಹೋದಳು. ಉಪವಾಸಗಳಿಂದಲೇ ಹುಡುಗಿ ಸತ್ತಳು, ಸಂನ್ಯಾಸಿಗಳನ್ನು ಊರಿನಿಂದ ಅಟ್ಟಬೇಕು ಎಂದು ಜನರು ಗುಜುಗುಟ್ಟಿದರು. ಜೆರೋಮನು ಪೌಲಳಿಗೆ ಬರೆದ ಪತ್ರ ಕಣ್ಣೀರಿನಿಂದ ಆರಂಭವಾಗುತ್ತದೆ. ಬರಬರುತ್ತ ತಾಯಿಯ ಅಳುವನ್ನೇ ಅಪರಾಧವೆಂದು ಗದರಿಸತೊಡಗಿ, ಸತ್ತ ಮಗಳ ಬಾಯಿಂದಲೂ ಅದೇ ಗದರಿಕೆಯನ್ನು ಆಡಿಸುತ್ತದೆ. ಎಷ್ಟೇ ಚಮತ್ಕಾರವಿದ್ದರೂ ಈ ಪತ್ರದಲ್ಲಿ ಔಚಿತ್ಯವಿಲ್ಲ. ಇದು ತಾಯಿಗೆ ಬರೆದುದಕ್ಕಿಂತ ಗುಜುಗುಟ್ಟಿದ ಜನಕ್ಕೆ ಬರೆದುದಾಗಿದೆ. ಇಪ್ಪತ್ತು ವರ್ಷಗಳ ಮೇಲೆ, 404ರ ಜನವರಿಯಲ್ಲಿ, ಪೌಲಳೇ ತೀರಿಕೊಂಡಾಗ ಅವನ ಲೇಖನಿ ನಡೆಯಲಿಲ್ಲ. ಬರೆಯಲು ಕುಳಿತಾಗಲೆಲ್ಲ ಕೈ ಮರಗಟ್ಟಿ ಬಿದ್ದಿತೆಂದೂ, ಕಡೆಗೆ ಎರಡು ರಾತ್ರಿಗಳಲ್ಲಿ ಬಾಯಲ್ಲಿ ಹೇಳಿ ಬರೆಯಿಸಿದುದಾಯಿತೆಂದೂ ತಿಳಿಸುತ್ತಾನೆ. ಆ ದೀರ್ಘವಾದ ಪತ್ರ ಯೂಸ್ಟೋಕಿಯಮಳ ಹೆಸರಿಗಿದೆ. ಅವಳಾದರೋ ಆಗ ಬೇತ್ಲೆಹೇಮಿನಲ್ಲಿಯೇ, ಅವನ ಮಠದ ಸಮೀಪದಲ್ಲಿಯೇ ಇದ್ದಳು. ದೂರವನ್ನು ದಾಟಿಸುವುದಕ್ಕಾಗಿ ಹುಟ್ಟಿದ ಪತ್ರಪ್ರಕಾರವನ್ನು ದೂರವೇ ಇಲ್ಲದೆಡೆಯಲ್ಲಿ ಅವನು ಬಳಸಿದನು. ಅವನಿಗೆ ಅದರ ಹೊರತು ಬೇರೆ ರೂಪದಲ್ಲಿ ದುಃಖಿಸುವುದು ತಿಳಿಯದೆಂದು ತೋರುತ್ತದೆ.

ಪೌಲಳ ಸೊಸೆಯಾದ ಲೀಟಳಿಗೆ, ಮಗುವಿನ ವಿದ್ಯಾಭ್ಯಾಸವನ್ನು ಕುರಿತು ಬರೆದ ಪತ್ರವೂ ಈ ಕುಟುಂಬಕ್ಕೆ ಸೇರಿದುದೇ. ಮರದಿಂದಲೋ ದಂತದಿಂದಲೋ ಅಕ್ಷರಗಳನ್ನು ಕಡೆಯಿಸಿ ಆಟದಲ್ಲಿಯೇ ಓದು ಕಲಿಸಬೇಕೆಂಬ ಸಲಹೆಯನ್ನು ಉಪಾಧ್ಯಾಯರು ಮೆಚ್ಚುವರು. ಅದೇ ಮಗು ಸಂಗೀತವನ್ನು ಕೇಳಬಾರದೆಂಬ ಕಟ್ಟಳೆಯನ್ನು ಮೆಚ್ಚಲಾರರು. ಇಂಡಿಯದಿಂದಲೂ ಪಾರಸಿಕದಿಂದಲೂ ಸಂನ್ಯಾಸಿಗಳ ಗುಂಪುಗಳು ದಿನವೂ ಬೇತ್ಲೆಹೇಮಿಗೆ ಬರುತ್ತಿವೆಯೆಂದು ಈ ಪತ್ರದಲ್ಲಿಯೇ ಅವನು ಹೇಳಿರುವನು. ಆ ಕಾಲದ ಲೇಖಕರು ಇಂಡಿಯವೆಂಬ ಹೆಸರನ್ನು ಅರಬ್ಬೀ ಸಮುದ್ರದ ಆಚೆಈಚೆಯ ಹಲವು ದೇಶಗಳಿಗೆ ಬಳಸುತ್ತಿದ್ದುದರಿಂದ ಅದರ ಮೇಲೆ ಏನನ್ನೂ ಕಟ್ಟುವಂತಿಲ್ಲ.

410ರ ಆಗಸ್ಟಿನಲ್ಲಿ ಗಾಥರು ರೋಮನ್ನು ಸೂರೆಗೊಂಡರು. ಮಾರ್ಸೆಲ್ಲಳ ಮನೆಗೆ ನುಗ್ಗಿದವರು ಬಚ್ಚಿಟ್ಟ ಹಣವನ್ನು ತೋರಿಸೆಂದು ಆ ವೃದ್ಧೆಯನ್ನು ದೊಣ್ಣೆಗಳಿಂದ ಹೊಡೆದರು. ಅವಳು ತನ್ನೊಡನಿದ್ದ ಪ್ರಿನ್ಸಿಪಿಯಾ ಎಂಬ ತರುಣಿಯನ್ನು ತನ್ನಿಂದ ಅಗಲಿಸಬಾರದೆಂದು ಮಾತ್ರ ಬೇಡಿಕೊಂಡಳು. ಇಬ್ಬರನ್ನೂ ಸಂತ ಪೌಲನ ದೇವಾಲಯಕ್ಕೆ ಕಳುಹಿದರು. ಕೆಲವು ಕಾಲದಲ್ಲಿಯೇ ಮಾರ್ಸೆಲ್ಲಾ ತೀರಿಕೊಂಡಳು. ಅವಳ ಚರಿತ್ರೆಯನ್ನು ಬರೆಯಬೇಕೆಂದು ಪ್ರಿನ್ಸಿಪಿಯಾ ಮೇಲಿಂದ ಮೇಲೆ ಕೇಳಿಕೊಂಡರೂ ಜೆರೋಮನು ಎರಡು ವರ್ಷ ಸುಮ್ಮನಿದ್ದನು. ಕಡೆಗೆ ಬರೆದುದೇ ಆ ನೂರಿಪ್ಪತ್ತೇಳನೆಯ ಪತ್ರ. ಇದರಲ್ಲಿ ಹಿಂದಿನ ಆಡಂಬರ ಕಡಿಮೆ. ತನ್ನನ್ನು ಕಂಡಾಗಲೆಲ್ಲ ಅವಳು ಶಾಸ್ತ್ರದಲ್ಲಿ ಏನಾದರೂ ಕೇಳದೆ ಬಿಟ್ಟುದಿಲ್ಲವೆಂದೂ, ಹೇಳಿದ ಉತ್ತರಕ್ಕೆ ಎದುರು ಪ್ರಶ್ನೆ ಹಾಕುತ್ತಿದ್ದಳೆಂದೂ, ಅದು ಜಗಳಕ್ಕಲ್ಲ, ಎದುರು ಬರಬಹುದಾದ ವಾದಕ್ಕೆ ಸಮಾಧಾನವನ್ನು ಅರಿಯುವುದಕ್ಕೆಂದೂ ಅವನು ಮತ್ತೊಮ್ಮೆ ನೆನೆಯುತ್ತಾನೆ. ಪುರುಷರ ಹೆಸರಿನಲ್ಲಿ ಅವಳು ತೀರ್ಪು ಹೇಳುತ್ತಿದ್ದ ಸಂಗತಿಯನ್ನು ತಿಳಿಸುವುದೂ ಈ ಪತ್ರವೇ. ಅವಳು ಬದುಕಿರುವವರೆಗೆ ಆ ಗುಟ್ಟನ್ನು ಅವನು ಎಲ್ಲಿಯೂ ಬರೆದುದು ಕಾಣದು. 1981ರಲ್ಲಿ ಯೋಹಾನೆಸ್ ಡಿವ್ಯಾಕನು ಅಗಸ್ಟೀನನ ಅಜ್ಞಾತ ಪತ್ರಗಳನ್ನು ಪ್ರಕಟಿಸಿದಾಗ, ಅವುಗಳ ನಡುವೆ ಜೆರೋಮನು ಕಾರ್ತೇಜಿನ ಬಿಷಪ್ ಔರೇಲಿಯಸನಿಗೆ ಬರೆದ ಪತ್ರವೊಂದು ಹದಿನೈದು ಶತಮಾನಗಳ ಮೇಲೆ ಹೊರಬಿದ್ದಿತು. ಮಾರ್ಸೆಲ್ಲಳ ಓಲೆಗಳಲ್ಲಿ ಒಂದಾದರೂ ಹಾಗೆ ಇನ್ನೂ ದೊರೆತಿಲ್ಲ. ಅವಳ ಚರಿತ್ರೆಯನ್ನು ಬರೆಯಿಸಿದ ಪ್ರಿನ್ಸಿಪಿಯಳ ಓಲೆಗಳೂ ದೊರೆತಿಲ್ಲ.